ಕೈವಿದ್ಯೆ ಮೇಜಿಗೇರುವಾಗ

ಹದಿನೈದು ಇಪ್ಪತ್ತು ವರ್ಷ ವೆಲ್ಡಿಂಗ್ ಕೆಲಸದಲ್ಲಿ ಪಳಗಿದವರೊಬ್ಬರು ಅದೇ ಕಾರ್ಖಾನೆಯ ಉತ್ಪಾದನಾ ಯೋಜನೆಯ ವಿಭಾಗಕ್ಕೆ ಹೋದರೆ ನಮ್ಮ ಜನ ಹೇಳುವ ಮೊದಲ ಮಾತು, ‘ಅಂತೂ ಬೆಂಕಿಯಿಂದ ಪಾರಾದರು’ ಎಂಬುದು. ಹೇಳುವವರ ಮನಸ್ಸಿನಲ್ಲಿ ಪ್ರೀತಿಯೇ ಇರುತ್ತದೆ. ಹೊಗೆ, ಕಣ್ಣು ಕುಕ್ಕುವ ಬೆಳಕು, ಬಗ್ಗಿ ಬಗ್ಗಿ ಹಿಡಿದುಕೊಂಡ ಕುತ್ತಿಗೆ ಇವುಗಳಿಂದ ಬಿಡುಗಡೆ ಸಿಕ್ಕಿತಲ್ಲ ಎಂಬ ಸಮಾಧಾನವದು. ಆದರೂ ಆ ಮಾತಿನಲ್ಲಿ ಹಳೆಯ ತಪ್ಪೆಣಿಕೆಯೊಂದು ಅಡಗಿದೆ. ಕೈಯಿಂದ ಮಾಡುವುದು ಕೆಳಗಿನದು, ಕುಳಿತು ಬರೆಯುವುದು ಮೇಲಿನದು ಎಂಬ ಎಣಿಕೆ ಅದು. ವಿಮಾನ, ರಾಕೆಟ್ಟುಗಳ ಭಾಗಗಳನ್ನು ತಯಾರಿಸುವ ಉದ್ಯಮದಲ್ಲಿ ಈ ಎಣಿಕೆ ಬಹಳ ದುಬಾರಿಯಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ವೆಲ್ಡರ್ ಒಬ್ಬ ಯೋಜನೆಯ ಮೇಜಿಗೆ ಬರುವುದು ಆ ಮೇಜಿಗೇ ಒದಗುವ ಭಾಗ್ಯ. ಆದರೆ ಹಾಗೆ ಬರುವಾಗ ಅವನ ಕೈಯನ್ನು ಹೊರಗೆ ಬಿಟ್ಟು ಬರಬೇಕಾದ ವ್ಯವಸ್ಥೆಯನ್ನು ನಾವು ಕಟ್ಟಿಕೊಂಡಿದ್ದೇವೆ.

ಈ ವಿಷಯ ನಮಗೆ ದೂರದ್ದಲ್ಲ. 2023ರ ಜುಲೈ 14ರಂದು ಚಂದ್ರಯಾನ-3ನ್ನು ಹೊತ್ತು ಮೇಲೇರಿದ ಎಲ್‌ವಿಎಂ-3 ವಾಹನದ ದ್ರವ ಇಂಧನದ ಹಂತದಲ್ಲಿ ಎರಡು ವಿಕಾಸ್ ಎಂಜಿನುಗಳಿರುತ್ತವೆ. ಇಸ್ರೊ ಸಂಸ್ಥೆಗಾಗಿ ಆ ಎಂಜಿನನ್ನು ದಶಕಗಳಿಂದ ತಯಾರಿಸಿಕೊಡುತ್ತಿರುವ ಕಾರ್ಖಾನೆಗಳಲ್ಲಿ ವಿಕ್ರೋಲಿಯ ಗೋದ್ರೆಜ್ ಒಂದು. ಅದೇ ವಾಹನದ ಅಕ್ಕಪಕ್ಕದ ಎರಡು ಬೃಹತ್ ಬೂಸ್ಟರುಗಳ ಉಕ್ಕಿನ ಕವಚದ ಭಾಗಗಳು ಪೊವಾಯಿಯ ಎಲ್ ಆ್ಯಂಡ್ ಟಿ ಕಾರ್ಖಾನೆಯಲ್ಲಿ ತಯಾರಾದವು. ಕಲ್ಯಾಣ, ಡೊಂಬಿವಲಿ, ಥಾಣೆಯಿಂದ ಬೆಳಗಿನ ಗಾಡಿ ಹಿಡಿದು ಹೋಗುವ ದೂರ ಇವು. ವಿಕ್ರೋಲಿಯಲ್ಲಿ ಫಾಸ್ಟ್ ಗಾಡಿ ನಿಲ್ಲುವುದಿಲ್ಲವಾದ್ದರಿಂದ ಥಾಣೆಯಲ್ಲಿಳಿದು ಸ್ಲೋ ಗಾಡಿಗೆ ಓಡುವ ಗುಂಪಿನಲ್ಲಿ ಚಂದ್ರನೂರಿಗೆ ಹೋದ ಯಂತ್ರಕ್ಕೆ ಕೈ ತಾಗಿಸಿದವರೂ ಇದ್ದಿರಬಹುದು. ನವಿ ಮುಂಬಯಿಯ ರಬಾಳೆ, ಮಹಾಪೆ, ಥಾಣೆಯ ವಾಗ್ಳೆ ಎಸ್ಟೇಟ್, ಡೊಂಬಿವಲಿಯ ಎಂಐಡಿಸಿ, ಅಂಬರನಾಥ ಈ ಎಲ್ಲ ಕಡೆಯೂ ವೆಲ್ಡಿಂಗ್ ಬಲ್ಲ ಕೈಗಳಿಗೆ ಕೆಲಸ ಕೊಟ್ಟ ಸಣ್ಣ ದೊಡ್ಡ ಕಾರ್ಖಾನೆಗಳಿವೆ. ಚಂದ್ರಯಾನದ ದಿನ ನಾವು ವಿಜ್ಞಾನಿಗಳ ಹೆಸರು ಹೇಳಿ ಚಪ್ಪಾಳೆ ತಟ್ಟಿದೆವು. ಅದು ಸರಿಯೇ. ಬೆಸುಗೆ ಹಾಕಿದವರ ಬಗ್ಗೆ ಕೇಳಿದವರು ಮಾತ್ರ ಕಡಿಮೆ.

ಈ ಉದ್ಯಮದಲ್ಲಿ ಬೆಸುಗೆ ಎಂದರೆ ಗೇಟು ಕಿಟಕಿಗಳ ಬೆಸುಗೆಯಲ್ಲ. ಗುಣಮಟ್ಟದ ಭಾಷೆಯಲ್ಲಿ ಇದನ್ನು ‘ವಿಶೇಷ ಪ್ರಕ್ರಿಯೆ’ ಎನ್ನುತ್ತಾರೆ. ಕೆಲಸ ಮುಗಿದ ಮೇಲೆ ನೋಡಿ, ಅಳೆದು ಮಾತ್ರ ಅದರ ಗುಣವನ್ನು ಪೂರ್ತಿಯಾಗಿ ಖಾತ್ರಿಪಡಿಸಿಕೊಳ್ಳಲು ಆಗುವುದಿಲ್ಲ, ಮಾಡುವಾಗಲೇ ಸರಿಯಾಗಿ ಮಾಡಿರಬೇಕು ಎಂಬುದು ಆ ಮಾತಿನ ಅರ್ಥ. ಟೈಟಾನಿಯಂ ಲೋಹವನ್ನೇ ನೋಡಿ. ಕಾದ ಟೈಟಾನಿಯಂ ಗಾಳಿಯ ಆಮ್ಲಜನಕ, ಸಾರಜನಕಗಳನ್ನು ಹೀರಿಕೊಂಡು ಪೆಡಸಾಗುತ್ತದೆ. ಆದ್ದರಿಂದ ಬೆಸುಗೆಯ ಮುಂದೆ, ಹಿಂದೆ, ಒಳಗೆ ಎಲ್ಲ ಕಡೆ ಆರ್ಗಾನ್ ಅನಿಲದ ಹೊದಿಕೆ ಇರಬೇಕು, ಲೋಹ ಆರುವ ತನಕ ಆ ಹೊದಿಕೆ ಸರಿಯಬಾರದು. ಬೆಸುಗೆ ಬೆಳ್ಳಿಯ ಬಣ್ಣದಲ್ಲಿ ಉಳಿದರೆ ನೆಮ್ಮದಿ. ನೀಲಿಗೋ ಬೂದಿಗೋ ತಿರುಗಿದರೆ ಗಾಳಿ ನುಗ್ಗಿದೆ ಎಂದು ಲೆಕ್ಕ. ಅದಾದ ಮೇಲೆ ಬಣ್ಣದ ದ್ರವ ಬಳಿದು ಬಿರುಕು ಹುಡುಕುವ ಪರೀಕ್ಷೆ, ಒಳಗಿನ ಗುಳ್ಳೆಗಳನ್ನು ಹಿಡಿಯುವ ಎಕ್ಸ್-ರೇ ಪರೀಕ್ಷೆ. ಇಂಥ ಕೆಲಸಕ್ಕೆ ಕೂರುವ ಮುನ್ನ ವೆಲ್ಡರ್ ತಾನೇ ಪರೀಕ್ಷೆಗೆ ಕೂತು ಅರ್ಹತೆ ಪಡೆದಿರಬೇಕು. ಯಾವ ಲೋಹಕ್ಕೆ, ಯಾವ ವಿಧಾನಕ್ಕೆ, ಎಷ್ಟು ದಪ್ಪಕ್ಕೆ ಎಂಬುದೂ ಆ ಅರ್ಹತೆಯಲ್ಲೇ ನಮೂದಾಗಿರುತ್ತದೆ.

ಇನ್ನು ಯೋಜನೆಯ ವಿಭಾಗ. ಯಾವ ಭಾಗ ಯಾವ ದಿನ ಯಾವ ಯಂತ್ರಕ್ಕೆ ಹೋಗಬೇಕು, ಕಚ್ಚಾ ಲೋಹ ಯಾವಾಗ ಬರಬೇಕು, ಕುಲುಮೆಗೆ ಯಾವುದರ ಜೊತೆ ಯಾವುದು ಹೋಗಬೇಕು, ಗಿರಾಕಿಗೆ ಕೊಟ್ಟ ತಾರೀಕು ಉಳಿಯುತ್ತದೆಯೇ ಎಂಬುದನ್ನೆಲ್ಲ ಲೆಕ್ಕ ಹಾಕುವ ಜಾಗ ಅದು. ಪ್ರತಿ ಭಾಗದ ಜೊತೆ ಒಂದು ರೂಟ್ ಕಾರ್ಡ್ ಸಾಗುತ್ತದೆ. ಅದರಲ್ಲಿ ಒಂದೊಂದು ಹಂತಕ್ಕೂ ಇಷ್ಟು ಗಂಟೆ ಎಂದು ಬರೆದಿರುತ್ತದೆ. ಆ ಗಂಟೆಗಳನ್ನು ಬರೆಯುವವರು ಯಾರು ಎಂಬ ಪ್ರಶ್ನೆಯಲ್ಲಿಯೇ ನನ್ನ ವಾದದ ತಿರುಳಿದೆ.

ನನ್ನ ಪರಿಚಯದ ವೆಲ್ಡರ್ ಒಬ್ಬರಿದ್ದಾರೆ. ವಿಜಯಪುರ ಜಿಲ್ಲೆಯ ಕಡೆಯವರು, ಮನೆ ಡೊಂಬಿವಲಿಯಲ್ಲಿ. ನಲವತ್ತು ದಾಟಿದ ಮೇಲೆ ಯೋಜನೆಯ ವಿಭಾಗಕ್ಕೆ ಬಂದವರು. ಹಳೆಯ ಕಾರ್ಡುಗಳ ಬಗ್ಗೆ ಅವರು ಒಮ್ಮೆ ಹೇಳಿದ ಮಾತು ಹೀಗಿತ್ತು: “ಎರಡು ತಾಸು ಅಂತ ಕಾಗದದಾಗ ಬರದಿರ್ತಾರ್ರಿ ಸರ. ಬೆಸಿಗಿ ಹಾಕೂದು ಎರಡು ತಾಸೇ, ಖರೇ. ಆದ್ರ ಅದಕ್ಕ ಮೊದಲ ತೊಳಿಯೂದು, ಹೊಂದಿಸಿ ಕಟ್ಟೂದು, ಒಳಗ ಗ್ಯಾಸ್ ತುಂಬೂತನಕ ಕಾಯೂದು ಯಾರ ಲೆಕ್ಕದಾಗೂ ಇಲ್ಲ.” ಲೆಕ್ಕದಲ್ಲಿಲ್ಲದ ಆ ಹೊತ್ತು ಎಲ್ಲಿಂದ ಬರುತ್ತದೆ? ವೆಲ್ಡರನ ಊಟದ ಸಮಯದಿಂದ, ಪಾಳಿ ಮುಗಿದ ಮೇಲಿನ ಓವರ್‌ಟೈಮಿನಿಂದ, ಇಲ್ಲವೇ ಕೊಂಚ ಬೇಗ ಸರಿಸಿದ ಅನಿಲದ ಹೊದಿಕೆಯಿಂದ. ಮೊದಲ ಎರಡರಿಂದ ಮನುಷ್ಯ ದಣಿಯುತ್ತಾನೆ. ಮೂರನೆಯದರಿಂದ ಬೆಸುಗೆ ಕೆಡುತ್ತದೆ. ಟಾರ್ಚ್ ಹಿಡಿದು ಬಂದವನು ಯೋಜನೆ ಬರೆದರೆ ಆ ಕಾಣದ ಗಂಟೆಗಳು ಕಾಗದದ ಮೇಲೆ ಕಾಣಿಸಿಕೊಳ್ಳುತ್ತವೆ. ತಾರೀಕು ಎರಡು ದಿನ ಮುಂದಕ್ಕೆ ಹೋದಂತೆ ತೋರುತ್ತದೆ, ಆದರೆ ಆ ತಾರೀಕು ನಿಜವಾದದ್ದಾಗಿರುತ್ತದೆ.

ನಮ್ಮ ಈ ಕಡಲತೀರದ ಮಳೆಗಾಲವನ್ನೂ ನೆನೆಯಿರಿ. ಅಲ್ಯೂಮಿನಿಯಂ ಬೆಸುಗೆಗೆ ತೇವವೇ ಶತ್ರು. ನೀರಿನಂಶದಿಂದ ಬಿಡುಗಡೆಯಾದ ಜಲಜನಕ ಕರಗಿದ ಲೋಹದೊಳಗೆ ಸೇರಿ, ಲೋಹ ಗಟ್ಟಿಯಾಗುವಾಗ ಗುಳ್ಳೆಗಳಾಗಿ ಉಳಿಯುತ್ತದೆ. ತೇವ ನಿಯಂತ್ರಿಸುವ ಕೋಣೆಗಳಿದ್ದರೂ ತಂತಿ, ತಗಡು, ಕೈಗವಸು ಎಲ್ಲವೂ ಹೊರಗಿನ ಗಾಳಿಯಲ್ಲಿ ಓಡಾಡಿ ಬಂದವೇ. ಜನವರಿಯ ಯೋಜನೆಯನ್ನು ಜುಲೈಗೆ ನಕಲು ಮಾಡಬಾರದೆಂಬುದು ಪುಸ್ತಕ ಓದದೆಯೂ ವೆಲ್ಡರನಿಗೆ ಗೊತ್ತು. ಕಂಪ್ಯೂಟರಿನ ತಂತ್ರಾಂಶ ಯಾರಾದರೂ ಹೇಳಿಕೊಟ್ಟಷ್ಟನ್ನೇ ತಿಳಿಯುತ್ತದೆ.

ಹಾಗಾದರೆ ಮಾಡುವವನು, ಯೋಚಿಸುವವನು ಬೇರೆ ಬೇರೆಯಾದದ್ದು ಹೇಗೆ? ನಾನು ಓದಿದ್ದು ಇಂಗ್ಲಿಷ್ ಸಾಹಿತ್ಯ. ಅಲ್ಲಿ ಜಾನ್ ರಸ್ಕಿನ್ 1853ರಲ್ಲಿಯೇ, ವೆನಿಸ್ ನಗರದ ಕಟ್ಟಡಗಳ ಬಗ್ಗೆ ಬರೆಯುತ್ತ, ಒಬ್ಬ ಸದಾ ಯೋಚಿಸುತ್ತಿರಬೇಕು, ಇನ್ನೊಬ್ಬ ಸದಾ ದುಡಿಯುತ್ತಿರಬೇಕು ಎಂಬ ಏರ್ಪಾಟು ಇಬ್ಬರನ್ನೂ ಕೆಡಿಸುತ್ತದೆ ಎಂದು ವಾದಿಸಿದ್ದ. ಆರು ದಶಕಗಳ ತರುವಾಯ, 1911ರಲ್ಲಿ, ಅಮೆರಿಕದ ಫ್ರೆಡರಿಕ್ ಟೇಲರ್ ‘ವೈಜ್ಞಾನಿಕ ನಿರ್ವಹಣೆ’ಯ ತತ್ತ್ವಗಳ ಪುಸ್ತಕ ಪ್ರಕಟಿಸಿ, ಯೋಚಿಸುವ ಹೊಣೆ ಯೋಜನೆಯ ಕೋಣೆಗೆ, ಮಾಡುವ ಹೊಣೆ ಕೆಲಸಗಾರನಿಗೆ ಎಂದು ಗೆರೆ ಎಳೆದ. ಕಾರ್ಖಾನೆಗಳು ಕೇಳಿದ್ದು ಟೇಲರನ ಮಾತನ್ನು. ವಿಚಿತ್ರವೆಂದರೆ ಟೇಲರ್ ಸ್ವತಃ ಅಪ್ರೆಂಟಿಸ್ ಆಗಿ ಕೈಕೆಲಸ ಕಲಿತವನು. ಉಕ್ಕಿನ ಕಾರ್ಖಾನೆಯೊಂದರಲ್ಲಿ ಕೂಲಿಯಾಗಿ ಸೇರಿ, ದುಡಿಯುತ್ತಲೇ ಓದಿ 1883ರಲ್ಲಿ ಎಂಜಿನಿಯರಿಂಗ್ ಪದವಿ ಪಡೆದು, ಅಲ್ಲಿಯೇ ಮುಖ್ಯ ಎಂಜಿನಿಯರ್ ಆದವನು. ಲೇತ್ ಯಂತ್ರದ ಮುಂದೆ ನಿಂತಿದ್ದರಿಂದಲೇ ಅವನಿಗೆ ಕೆಲಸದ ಒಳಗುಟ್ಟು ತಿಳಿದಿತ್ತು. ತಾನು ಹತ್ತಿ ಬಂದ ಏಣಿಯ ಬೆಲೆ ಮಾತ್ರ ಅವನ ವ್ಯವಸ್ಥೆಯಲ್ಲಿ ಲೆಕ್ಕಕ್ಕೆ ಬರಲಿಲ್ಲ.

ಆ ಗೆರೆ ಇಂದಿಗೂ ನಮ್ಮ ಶಿಕ್ಷಣದ ನಿಯಮಗಳಲ್ಲಿದೆ. ಎರಡು ವರ್ಷದ ಐಟಿಐ ಮುಗಿಸಿದ ಫಿಟ್ಟರ್, ಮಷಿನಿಸ್ಟ್ ಮೊದಲಾದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ವೆಲ್ಡರ್ ಶಿಕ್ಷಣ ಒಂದೇ ವರ್ಷದ್ದಾದ್ದರಿಂದ ಅದೊಂದರ ಬಲದ ಮೇಲೆ ಆ ಬಾಗಿಲು ತೆರೆಯುವುದಿಲ್ಲ. ಇಪ್ಪತ್ತು ವರ್ಷದ ಅನುಭವವಿದ್ದರೂ ಹದಿನಾರರ ಹುಡುಗರ ಜೊತೆ ಮೊದಲ ವರ್ಷದಿಂದಲೇ ಆರಂಭಿಸಬೇಕು. ಯೋಜನೆಯ ವಿಭಾಗದ ಹುದ್ದೆಗೆ ಡಿಪ್ಲೊಮಾ ಅಥವಾ ಪದವಿ ಕೇಳುವ ಕಂಪನಿಗಳೇ ಹೆಚ್ಚು. ಈ ಎರಡು ನಿಯಮಗಳು ಸೇರಿದರೆ ನಡುವಿನ ದಾರಿ ಮುಚ್ಚಿದಂತೆಯೇ.

ಮುಂಬಯಿ ಕನ್ನಡಿಗರಿಗೆ ಮುಚ್ಚಿದ ದಾರಿ ಹೊಸದಲ್ಲ, ಅದನ್ನು ತೆರೆದ ಅನುಭವವೂ ಹೊಸದಲ್ಲ. ಹಗಲು ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರು ರಾತ್ರಿ ಮೊಗವೀರ ವ್ಯವಸ್ಥಾಪಕ ಮಂಡಳಿಯ ಶಾಲೆಯಲ್ಲಿ, ಬಿಲ್ಲವರ ಅಸೋಸಿಯೇಶನ್ನಿನ ಗುರುನಾರಾಯಣ ರಾತ್ರಿ ಶಾಲೆಯಲ್ಲಿ ಓದಿ ಬ್ಯಾಂಕು, ಕಚೇರಿ, ಕಾಲೇಜು ಸೇರಿದ್ದು ನಮ್ಮೆಲ್ಲರಿಗೂ ತಿಳಿದ ಚರಿತ್ರೆ. ದುಡಿಯುವವನ ಹೊತ್ತಿಗೆ ಶಾಲೆ ಹೊಂದಿಕೊಳ್ಳಬೇಕು ಎಂಬ ವಿವೇಕ ಆ ಹಿರಿಯರಿಗಿತ್ತು. ಕೇಂದ್ರ ಸರ್ಕಾರದ ನೌಕರನಾಗಿ ಇನ್ನೊಂದು ದಾರಿಯನ್ನೂ ಬಲ್ಲೆ. ಅಂಬರನಾಥದಲ್ಲಿರುವಂಥ ಆರ್ಡ್ನೆನ್ಸ್ ಫ್ಯಾಕ್ಟರಿಗಳಲ್ಲಿ ಕುಶಲಕರ್ಮಿಯೊಬ್ಬ ಇಲಾಖಾ ಪರೀಕ್ಷೆ ಬರೆದು ಚಾರ್ಜ್‌ಮನ್ ಆಗುವ ಪದ್ಧತಿ ಬಹುಕಾಲದಿಂದ ಬಂದಿದೆ. ಸರ್ಕಾರಿ ವ್ಯವಸ್ಥೆಯ ಕುಂದುಗಳು ನೂರಿರಬಹುದು. ಕೆಳಗಿನವನಿಗೆ ಮೇಲೆ ಬರಲು ಬರೆದಿಟ್ಟ ನಿಯಮವೊಂದಿದೆ ಎಂಬುದು ಅದರ ಒಂದು ಗುಣ. ಖಾಸಗಿ ಕಾರ್ಖಾನೆಗಳಲ್ಲಿ ಅದು ಬಹುಮಟ್ಟಿಗೆ ಮೇಲಧಿಕಾರಿಯ ದೃಷ್ಟಿಯನ್ನು ಅವಲಂಬಿಸಿದೆ.

ಎಲ್ಲ ವೆಲ್ಡರುಗಳೂ ಒಳ್ಳೆಯ ಯೋಜಕರಾಗುತ್ತಾರೆ ಎಂದು ನಾನು ಹೇಳುತ್ತಿಲ್ಲ. ಒಂದು ಬೆಸುಗೆಯ ಮೇಲೆ ಮನಸ್ಸಿಡುವುದು ಒಂದು ಗುಣವಾದರೆ, ಇನ್ನೂರು ಭಾಗಗಳನ್ನು ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಇನ್ನೊಂದು. ನೆರೆಯವನ ಕೆಲಸ ತಡವಾದಾಗ ಅವನ ಪರ ವಹಿಸದೆ ಲೆಕ್ಕ ಹೇಳುವ ನಿಷ್ಠುರತೆಯೂ ಬೇಕು. ಅದನ್ನು ಕಲಿಯಬೇಕು, ಕಲಿಸಬೇಕು. ದೇಹ ದಣಿದಿದೆ, ಕಣ್ಣು ಮೊದಲಿನಂತಿಲ್ಲ ಎಂಬ ಕಾರಣಕ್ಕೆ ಮೇಜಿಗೆ ಬರುವವರ ಆಸೆಯೂ ನ್ಯಾಯವಾದದ್ದೇ.

ನನ್ನ ಆತಂಕವಿರುವುದು ಬೇರೆ ಕಡೆ. ವೆಲ್ಡಿಂಗ್ ಲೋಕದಲ್ಲಿ ಸಾಮಾನ್ಯವಾಗಿ ಪಾಲಿಸುವ ನಿಯಮವೊಂದಿದೆ. ಯಾವುದೇ ವಿಧಾನದಲ್ಲಿ ಆರು ತಿಂಗಳು ಬೆಸುಗೆ ಹಾಕದೇ ಇದ್ದರೆ ಆ ವಿಧಾನದ ಅರ್ಹತೆ ಕಳೆದುಹೋಗುತ್ತದೆ. ನಿಯಮ ಸರಿಯಾದದ್ದೇ, ಕೈ ಮರೆಯುತ್ತದೆ. ಆದರೆ ಇಪ್ಪತ್ತು ವರ್ಷದಲ್ಲಿ ಗಳಿಸಿದ್ದು ಮೇಜಿನ ಮುಂದೆ ಆರು ತಿಂಗಳು ಕೂತರೆ ಕಾಗದದ ಮೇಲೆ ಇಲ್ಲವಾಗುತ್ತದೆ. ಹೊಸ ಕೆಲಸ ಒಗ್ಗದಿದ್ದರೆ ಹಿಂದಿರುಗುವುದೂ ಸುಲಭವಲ್ಲ. ಕಾರ್ಖಾನೆಗೂ ಒಬ್ಬ ಒಳ್ಳೆಯ ಯೋಜಕ ಸಿಗುತ್ತಾನೆ, ಒಬ್ಬ ಒಳ್ಳೆಯ ವೆಲ್ಡರ್ ಕಳೆದುಹೋಗುತ್ತಾನೆ, ಅವನಿಂದ ಕಲಿಯಬೇಕಾಗಿದ್ದ ಹುಡುಗರು ಅನಾಥರಾಗುತ್ತಾರೆ.

ಇಲ್ಲಿ ಜಕಣಾಚಾರಿಯ ಐತಿಹ್ಯ ನೆನಪಾಗುತ್ತದೆ. ಬೇಲೂರಿನ ವಿಗ್ರಹದ ಕಲ್ಲಿನೊಳಗೆ ದೋಷವಿದೆ ಎಂದು ಡಂಕಣ ತೋರಿಸಿಕೊಟ್ಟಾಗ, ಕಲ್ಲಿನಿಂದ ಕಪ್ಪೆ ಹೊರಬಿದ್ದಾಗ, ಜಕಣಾಚಾರಿ ತನ್ನ ಬಲಗೈಯನ್ನೇ ಕತ್ತರಿಸಿಕೊಂಡ. ಹೊರಗೆ ನಯವಾಗಿ ಕಂಡ ಕಲ್ಲಿನೊಳಗಿನ ಪೊಳ್ಳು ಎಂದರೆ ಇಂದಿನ ಎಕ್ಸ್-ರೇ ಹಿಡಿಯುವ ಗುಳ್ಳೆಯೇ. ಆದರೆ ಕಥೆ ಕತ್ತರಿಸಿದ ಕೈಯಲ್ಲಿ ಮುಗಿಯುವುದಿಲ್ಲ. ತುಮಕೂರಿನ ಬಳಿ ಚೆನ್ನಕೇಶವನ ಗುಡಿ ಕಟ್ಟಿದಾಗ ಅವನಿಗೆ ಕೈ ಮರಳಿ ಬಂತು, ಆ ಊರಿಗೆ ಕೈದಾಳ ಎಂದೇ ಹೆಸರಾಯಿತು ಎಂದು ಜನ ಹೇಳುತ್ತಾರೆ. ಕೈ ಕಳೆದುಕೊಂಡ ಶಿಲ್ಪಿಗೆ ಕೈ ಮರಳಬೇಕು ಎಂದು ಬಯಸಿದ ಜನ ನಮ್ಮವರು.

ಆಗಬೇಕಾದದ್ದು ಮೂರು. ಒಂದು, ಅನುಭವಕ್ಕೆ ಅಂಕ ಕೊಟ್ಟು, ದುಡಿಯುತ್ತಲೇ ಡಿಪ್ಲೊಮಾ ಮುಗಿಸುವ ದಾರಿಯನ್ನು ವೆಲ್ಡರುಗಳಿಗೂ ತೆರೆಯಬೇಕು. ಎರಡು, ಮೇಜಿಗೆ ಬಂದವರು ವಾರಕ್ಕೊಂದು ದಿನವಾದರೂ ಟಾರ್ಚ್ ಹಿಡಿದು ಅರ್ಹತೆ ಉಳಿಸಿಕೊಳ್ಳಲು, ಹುಡುಗರಿಗೆ ಕಲಿಸಲು ಅವಕಾಶವಿರಬೇಕು. ಮೂರು, ಮೇಜಿಗೆ ಬರಲು ಇಷ್ಟವಿಲ್ಲದವರಿಗೆ ಟಾರ್ಚಿನ ಜೊತೆಯಲ್ಲಿಯೇ ಸಂಬಳವೂ ಮರ್ಯಾದೆಯೂ ಏರುವ ಎರಡನೆಯ ಏಣಿ ಬೇಕು. ಸರ್ಕಾರಿ ಕಾರ್ಖಾನೆಗಳಲ್ಲಿ ‘ಮಾಸ್ಟರ್ ಕ್ರಾಫ್ಟ್ಸ್‌ಮನ್’ ಎಂಬ ದರ್ಜೆಯಿದೆ. ಅದರ ಮೇಲೂ ಮೆಟ್ಟಿಲುಗಳಿರಬೇಕು.

ನಾಲ್ಕನೆಯದು ನಮ್ಮದೇ ಕೆಲಸ. ಹೊರನಾಡಿನ ಕನ್ನಡ ಸಂಘಗಳು ಪ್ರತಿ ವರ್ಷ ಹೆಚ್ಚು ಅಂಕ ಪಡೆದ ಮಕ್ಕಳನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತವೆ. ಅದೇ ಸಂಘಗಳ ಕೋಣೆಗಳು ವಾರದ ದಿನಗಳ ಸಂಜೆ ಖಾಲಿಯಿರುವುದುಂಟು. ಇಂಗ್ಲಿಷಿನ ನಕ್ಷೆ ಓದುವುದು, ಕಂಪ್ಯೂಟರಿನಲ್ಲಿ ಕೋಷ್ಟಕ ಮಾಡುವುದು, ಎರಡು ಸಾಲಿನ ಸ್ಪಷ್ಟ ಇ-ಮೇಲ್ ಬರೆಯುವುದು ಇವನ್ನು ಕನ್ನಡದಲ್ಲಿ ವಿವರಿಸಿ ಕಲಿಸಬಲ್ಲವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ನಲವತ್ತರ ಫಿಟ್ಟರ್, ವೆಲ್ಡರ್, ಮಷಿನಿಸ್ಟ್ ನಾಚಿಕೆಯಿಲ್ಲದೆ ಬಂದು ಕೂರುವ ತರಗತಿಯೊಂದನ್ನು ಡೊಂಬಿವಲಿಯಲ್ಲೋ ಕಲ್ಯಾಣದಲ್ಲೋ ಆರಂಭಿಸಿದರೆ ರಾತ್ರಿ ಶಾಲೆಗಳ ಪರಂಪರೆಗೆ ಅದೇ ನಿಜವಾದ ಮುಂದುವರಿಕೆ. ಸಂಜೆ ಏಳೂವರೆಯ ಹೊತ್ತಿಗೆ ಗಾಡಿಗಳು ಈ ನಿಲ್ದಾಣಗಳಲ್ಲಿ ಅವರನ್ನು ಇಳಿಸುತ್ತವೆ. ತರಗತಿ ಎಂಟಕ್ಕೆ ಇಟ್ಟರೆ ಸಾಕು.