ಒಂದು ಚಮಚೆಯ ಪಾಠ

ಉದ್ಯೋಗ ಚಿಕಿತ್ಸೆ ಎಂದೊಡನೆ ನೌಕರಿ ಕೊಡಿಸುವ ಕಚೇರಿಯ ನೆನಪಾದರೆ ವಾಚಕರ ತಪ್ಪಲ್ಲ, ಹೆಸರೇ ಹಾಗಿದೆ. ಇಲ್ಲಿ ಉದ್ಯೋಗವೆಂದರೆ ತಲೆ ಬಾಚುವುದು, ಗುಂಡಿ ಹಾಕುವುದು, ತುತ್ತು ಬಾಯಿಗಿಡುವುದು. ಪಾರ್ಶ್ವವಾಯುವಿನಿಂದಲೋ ಸಂಧಿವಾತದಿಂದಲೋ ಇಂಥ ನಿತ್ಯಕರ್ಮಗಳು ಕೈತಪ್ಪಿದವರಿಗೆ ಅವನ್ನು ಮರಳಿ ದೊರಕಿಸುವ ಶಾಸ್ತ್ರವಿದು. ನಮ್ಮ ದೇಶದಲ್ಲಿ ಇದರ ಮೊದಲ ಶಾಲೆ 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಆರಂಭವಾಯಿತು. ಸ್ಥಾಪಿಸಿದವರು ಕಮಲಾ ನಿಂಬಕರ್. ಅಮೆರಿಕದಲ್ಲಿ ಹುಟ್ಟಿ, ಭಾರತದ ಸೊಸೆಯಾಗಿ ಬಂದ ಮಹಿಳೆ.

ಈ ವಿದ್ಯೆ ಬರಿಯ ಪುಸ್ತಕದಿಂದ ಬರತಕ್ಕದ್ದಲ್ಲ. ಬೆರಳು ಪೂರ್ತಿ ಮಡಚದ ರೋಗಿಗೆ ದಪ್ಪ ಹಿಡಿಯ ಚಮಚೆ ಅನುಕೂಲವೆಂಬುದು ಒಂದು ಸಾಲಿನ ಪಾಠ. ಅದನ್ನು ಮಾಡಿ ತರುವಂತೆ ವಿದ್ಯಾರ್ಥಿನಿಗೆ ಹೇಳಿದಾಗಲೇ ಪಾಠ ಬೆಳೆಯುವುದು. ಮರದ ಹಿಡಿ ಕೂರಿಸಿದರೆ ಭಾರಕ್ಕೆ ಮಣಿಕಟ್ಟು ಸೋಲುತ್ತದೆ. ಸ್ಪಂಜು ಸುತ್ತಿದರೆ ಸಾರು ಹೀರಿಕೊಂಡು ನಾರುತ್ತದೆ. ಇವೆಲ್ಲ ಸರಿಹೋದ ಮೇಲೆ ಅಜ್ಜಿಯೊಬ್ಬರು, “ಮಗು, ನಾನು ಉಣ್ಣುವುದು ಕೈಯಲ್ಲಿ, ಚಮಚೆ ಯಾರಿಗಮ್ಮ?” ಎಂದುಬಿಟ್ಟರೆ? ಮೊದಲು ಕೇಳಬೇಕಾಗಿದ್ದ ಪ್ರಶ್ನೆ ಕೊನೆಗೆ ಹೊಳೆಯುತ್ತದೆ. ನನ್ನ ಮಟ್ಟಿಗೆ ಆ ಪೆಚ್ಚುಮೋರೆಯೇ ಅರ್ಧ ಪದವಿ!

ಕೈಗೆ ಆಸರೆಯಾಗಿ ಕಟ್ಟುವ ಸ್ಪ್ಲಿಂಟ್ ಇನ್ನೂ ಕಠಿನ. ಅದಕ್ಕೆಂದೇ ಇರುವ ಪ್ಲಾಸ್ಟಿಕ್ ಹಾಳೆ ಬಿಸಿನೀರಿನಲ್ಲಿ ಮೆತ್ತಗಾಗುತ್ತದೆ. ಕಾಗದದ ಮೇಲೆ ಕೈಯ ನಕ್ಷೆ ಬರೆದು, ಹಾಳೆಯನ್ನು ಕತ್ತರಿಸಿ, ಗೆಳತಿಯ ಕೈಮೇಲೆ ಒತ್ತಿ ಆಕಾರ ಕೊಡಬೇಕು; ಕೆಲವೇ ನಿಮಿಷಗಳಲ್ಲಿ ಅದು ಗಟ್ಟಿಯಾಗಿಬಿಡುತ್ತದೆ. ಮಣಿಕಟ್ಟಿಗೆಂದು ಮಾಡಿದ್ದು ಅಂಗೈಯ ಗೆರೆ ದಾಟಿ ಮುಂದೆ ಚಾಚಿತೋ, ಬೆರಳು ಮಡಚಲು ಬಾರದು. ಅಂಚು ಒತ್ತಿದರೆ ಚರ್ಮ ಕೆಂಪಾಗುತ್ತದೆ. ಬಿಚ್ಚಿದ ಮೇಲೂ ಆ ಕೆಂಪು ಬೇಗ ಇಳಿಯದಿದ್ದರೆ ಅಲ್ಲಿ ಹುಣ್ಣಾಗುವ ಭಯ. ಮಧುಮೇಹದಿಂದ ಸ್ಪರ್ಶಜ್ಞಾನ ಕುಂದಿದವರಿಗಂತೂ ನೋವೇ ತಿಳಿಯದು. ಆದಕಾರಣ ಮಾಡಿದವಳು ತನ್ನ ಕೈಗೂ ಒಂದನ್ನು ಮಾಡಿಸಿಕೊಂಡು, ಒಂದು ದಿನವಾದರೂ ಕಟ್ಟಿಕೊಂಡು ತಿರುಗಬೇಕು. ಜಡೆ ಹೆಣೆಯಬೇಕು, ಕೊಡ ಎತ್ತಬೇಕು.

ಇದಕ್ಕೆ ಅಂಕ ಕೊಡುವುದು ಹೇಗೆ? ನುಣುಪನ್ನೂ ಅಂದವನ್ನೂ ನೋಡಿ ಕೊಡುವುದು ಸುಲಭ. ಹದಿನೈದು ದಿನ ಕಳೆದು ರೋಗಿಯ ಮನೆಗೆ ಹೋಗಿ ನೋಡಿ ಕೊಡಬೇಕೆಂದು ನಾನೆನ್ನುತ್ತೇನೆ. ಸ್ಪ್ಲಿಂಟ್ ಬೀರುವಿನ ಮೇಲೆ ಧೂಳು ತಿನ್ನುತ್ತಿದ್ದರೆ ಕಾರಣ ಕೇಳಿ ತಿಳಿದು, ಹಿಂದಕ್ಕೆ ತರಬೇಕು. ಬಿಸಿನೀರಿಗೆ ಹಾಕಿದರೆ ಆ ಹಾಳೆ ಮತ್ತೆ ಮೆತ್ತಗಾಗುತ್ತದೆ.