ನೂರಕ್ಕೆ ನೂರರ ಹಠ



ನಿಮ್ಮಲ್ಲಿ ಕೆಲವರು ಇಂದು ಮುಖ್ಯಗುರುಗಳ ಕುರ್ಚಿಯಲ್ಲಿದ್ದೀರಿ. ನನಗದು ಹೆಮ್ಮೆ. ಆದರೆ ಶಾಲೆ ಆರಂಭವಾಗುತ್ತಲೇ "ಈ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ನೂರಕ್ಕೆ ನೂರು ತರದಿದ್ದರೆ ನಾನು ಮುಖ್ಯಗುರುವೇ ಅಲ್ಲ" ಎಂದು ಪ್ರತಿಜ್ಞೆ ಮಾಡುವ ಪದ್ಧತಿಯನ್ನು ನಾನು ಒಪ್ಪಲಾರೆ. ಇದನ್ನು ಆದರ್ಶವೆಂದು ಕೊಂಡಾಡುವವರೊಡನೆ ನನಗೆ ಜಗಳವಿದೆ.

ಅಂಥ ಪ್ರತಿಜ್ಞೆ ತೊಟ್ಟವರ ಮುಂದೆ ನಿಂತು, "ಸರ್, ಹತ್ತನೆಯ ತರಗತಿಯ ಹನ್ನೆರಡು ಮಕ್ಕಳಿಗೆ ಕನ್ನಡ ವಾಕ್ಯ ಓದಲು ಬಾರದು" ಎಂದು ಯಾವ ಸಹಶಿಕ್ಷಕ ಹೇಳಿಯಾನು? ಹೇಳಿದರೆ ಅಪಶಕುನ! ದುರ್ಬಲ ಮಗುವಿನ ತಂದೆಯನ್ನು ಕರೆಸಿ, "ಟಿ.ಸಿ. ಒಯ್ಯಿರಿ, ಖಾಸಗಿಯಾಗಿ ಪರೀಕ್ಷೆ ಕಟ್ಟಿಸಿರಿ" ಎನ್ನುವ ಸಲಹೆ ಹುಟ್ಟುವುದು ಇಲ್ಲಿಂದ. ಪರೀಕ್ಷಾ ಕೇಂದ್ರದ ಕಿಟಕಿಯಲ್ಲಿ ಚೀಟಿ ತೂರುವ ಕೈಗೆ ಧೈರ್ಯ ಬರುವುದೂ ಇಲ್ಲಿಂದಲೇ.

2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದಿತು. ಹಿಂದಿನ ವರ್ಷ ಶೇ. 83.89 ಇದ್ದ ರಾಜ್ಯದ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೆ! ಅಂಕಿಯನ್ನು ಬಗ್ಗಿಸಿದೆವು, ಮನಸ್ಸನ್ನು ಬಗ್ಗಿಸಲಿಲ್ಲ. 2025ರಲ್ಲಿ ನಮ್ಮ ಕಲಬುರಗಿ ಜಿಲ್ಲೆ ಶೇ. 42.43ರೊಡನೆ ರಾಜ್ಯದಲ್ಲಿಯೇ ಕೊನೆಯದಾಯಿತು. ನಾಚಿಕೆಯೆಂದು ಹಲವರು ತಲೆ ತಗ್ಗಿಸಿದರು. ನಾನು ತಗ್ಗಿಸಲಿಲ್ಲ. ರೋಗಿಯ ಜ್ವರ ಎಷ್ಟೆಂಬುದು ಈಗಲಾದರೂ ತಿಳಿಯಿತಲ್ಲ!

ಚಿಂಚೋಳಿ ಸೀಮೆಯ ತಾಂಡಾಗಳ ಮಗು ಮನೆಯಲ್ಲಿ ಲಂಬಾಣಿ ಆಡುತ್ತದೆ. ಕನ್ನಡವನ್ನು ಶಾಲೆಯಲ್ಲಿಯೇ ಕಲಿಯಬೇಕು. ತೊಗರಿಯ ರಾಶಿ ಬಂದಾಗ ತರಗತಿಗಳು ಅರ್ಧ ಖಾಲಿ. ಕೆಲವು ಕುಟುಂಬಗಳು ಕೆಲಸ ಅರಸಿ ಹೈದರಾಬಾದು, ಪುಣೆ, ಮುಂಬಯಿಗೆ ಹೊರಟುಬಿಡುತ್ತವೆ. ಇದೆಲ್ಲ ಪ್ರತಿವರ್ಷ ಕಣ್ಣೆದುರೇ ನಡೆಯುತ್ತಿರುವಾಗ ಜೂನ್‌ನಲ್ಲಿ ಗೋಡೆಗೆ ಅಂಟಿಸಿದ ವೇಳಾಪಟ್ಟಿಯನ್ನೇ ಡಿಸೆಂಬರಿನಲ್ಲಿಯೂ ನಡೆಸುವ ಮುಖ್ಯಗುರುವನ್ನು ನಿಷ್ಠಾವಂತನೆನ್ನಬೇಕೇ, ಕುರುಡನೆನ್ನಬೇಕೇ?

"ಗುರಿ ಸಡಿಲಿಸಿದರೆ ಸೋಮಾರಿತನ ಬರುತ್ತದೆ ಸರ್" ಎನ್ನುತ್ತೀರಿ. ನಮ್ಮ ಎರೆಭೂಮಿಯ ರೈತನನ್ನು ನೋಡಿರಿ. ಮಳೆ ತಡವಾದರೆ ಹೆಸರು, ಉದ್ದು ಬಿಟ್ಟು ತೊಗರಿ ಬಿತ್ತುತ್ತಾನೆ. ಅವನನ್ನು ಯಾರಾದರೂ ಸೋಮಾರಿ ಎಂದಾರೇ? ಹೆಸರನ್ನೇ ಬಿತ್ತುವೆನೆಂದು ಆಣೆ ಹಾಕಿ ಕುಳಿತವನಿಗೆ ಆ ಮಾತು ಸಲ್ಲುತ್ತದೆ.

ಇನ್ನೊಂದು ವಿಚಿತ್ರ. 2024ರಲ್ಲಿ ಎಸ್ಸೆಸ್ಸೆಲ್ಸಿ ಮಗುವಿಗೆ ವರ್ಷಕ್ಕೆ ಮೂರು ಪರೀಕ್ಷೆಗಳ ಅವಕಾಶ ಕೊಟ್ಟರು. ಸೋತ ಮಗು ಮತ್ತೆ ಕುಳಿತು ಬರೆಯಬಹುದು. ಮುಖ್ಯಗುರು ಮಾತ್ರ ತನಗೆ ತಾನು ಎರಡನೆಯ ಅವಕಾಶ ಕೊಟ್ಟುಕೊಳ್ಳಲಾರನು! ನಮ್ಮ ಚಿಂಚೋಳಿಯ ವೀರೇಂದ್ರ ಪಾಟೀಲರು 1978ರಲ್ಲಿ ಚಿಕ್ಕಮಗಳೂರಿನಲ್ಲಿ ಇಂದಿರಾ ಗಾಂಧಿಯವರೆದುರು ಸೋತರು. ಮುಂದೆ ಅವರದೇ ಪಕ್ಷ ಸೇರಿ, 1989ರಲ್ಲಿ ಎರಡನೆಯ ಬಾರಿ ಮುಖ್ಯಮಂತ್ರಿಯಾದರು. ಪಕ್ಷ ಬದಲಿಸಿದ್ದು ಸರಿಯೋ ತಪ್ಪೋ, ಆ ಚರ್ಚೆ ಬೇರೆ; ಒಂದು ಸೋಲಿಗೆ ತಾವು ಮುಗಿದೆವೆಂದು ಅವರು ಬಗೆಯಲಿಲ್ಲ.

ಆದ್ದರಿಂದ ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಕಚೇರಿಯ ಗೋಡೆಯ ಮೇಲಿನ "ನಮ್ಮ ಗುರಿ ನೂರಕ್ಕೆ ನೂರು" ಎಂಬ ಬರಹವನ್ನು ಅಳಿಸಿರಿ. ಎಂಟನೆಯ ತರಗತಿಯಲ್ಲಿ ಓದಲು ಬಾರದ ಮಕ್ಕಳೆಷ್ಟು ಎಂಬುದನ್ನು ಆ ಜಾಗದಲ್ಲಿ ತಿಂಗಳಿಗೊಮ್ಮೆ ಸುಣ್ಣದ ಕಡ್ಡಿಯಿಂದ ಬರೆಯಿರಿ. ತಪಾಸಣೆಗೆ ಬಂದ ಅಧಿಕಾರಿಗಳಿಗೂ ಅದನ್ನೇ ತೋರಿಸಿರಿ.