ರಿಪೇರಿ ಅಂದ್ರ ಸಣ್ಣ ಕೆಲ್ಸ ಏನು?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯಿಂದ ಬಂದ ನಮಗೆ ಸಮುದ್ರ ಭಾಳ ದೂರ. ಆದ್ರೂ ಮೆಕ್ಯಾನಿಕಲ್ ಓದೋರೆಲ್ಲ ಒಂದು ಹಡಗಿನ ಸರ್ವಿಸ್ ಹಿಸ್ಟರಿ ಓದಬೇಕು ಅಂತ ನಾವು ಹೇಳ್ತೀವಿ. ಹಡಗಿನ ಹೆಸರು ಐಎನ್‌ಎಸ್ ಮೈಸೂರು.

ಇದು ಮೊದಲು ‘ಎಚ್‌ಎಂಎಸ್ ನೈಜೀರಿಯಾ’ ಎಂಬ ಬ್ರಿಟಿಷ್ ಕ್ರೂಸರ್. 1939ರಲ್ಲಿ ನೀರಿಗಿಳಿದು 1940ರಲ್ಲಿ ಸೇವೆಗೆ ಬಂತು. ಒಳಗೆ ಬಾಯ್ಲರ್, ಸ್ಟೀಮ್ ಟರ್ಬೈನ್, ಅಂದ್ರೆ ನಾವು ಥರ್ಮೋದಲ್ಲಿ ಬರೆದು ಪಾಸಾಗುವ ರ‍್ಯಾಂಕಿನ್ ಸೈಕಲ್ಲೇ. 1942ರ ಆಗಸ್ಟ್ 12ರಂದು, ಮಾಲ್ಟಾ ದ್ವೀಪಕ್ಕೆ ಸರಕು ಒಯ್ಯುವ ಹಡಗುಗಳಿಗೆ ಕಾವಲಾಗಿದ್ದಾಗ, ಇಟಲಿಯ ಸಬ್‌ಮರೀನ್ ಬಿಟ್ಟ ಟಾರ್ಪಿಡೋ ಬಡಿಯಿತು. 52 ಜನ ಸತ್ತರು. ಅಡ್ಮಿರಲ್ ಬೇರೆ ಹಡಗು ಹತ್ತಿದರು. ಇದು ಮಾತ್ರ ಮುಳುಗದೆ ಕುಂಟುತ್ತ ಜಿಬ್ರಾಲ್ಟರ್ ಮುಟ್ಟಿತು. ಆ ಹೊತ್ತು ಉಳಿಸಿದ್ದು ತೋಪಲ್ಲ, ಒಳಗೆ ನೀರು ತಡೆದವರ ಕೈ. ಅಮೆರಿಕದಲ್ಲಿ ತಿಂಗಳುಗಟ್ಟಲೆ ರಿಪೇರಿಯಾಗಿ ಮತ್ತೆ ಯುದ್ಧಕ್ಕೇ ಹೋಯಿತು.

1954ರಲ್ಲಿ ಭಾರತ ಇದನ್ನು ಕೊಂಡಿತು. ಇಂಗ್ಲೆಂಡಿನ ಬರ್ಕನ್‌ಹೆಡ್‌ನಲ್ಲಿ ದುರಸ್ತಿ ಮುಗಿದು 1957ರ ಆಗಸ್ಟ್ 29ರಂದು ‘ಮೈಸೂರು’ ಆಯಿತು. (ನಮ್ಮ ಗುಲ್ಬರ್ಗಾ ಮೈಸೂರು ರಾಜ್ಯಕ್ಕೆ ಸೇರಿ ಆಗ ಇನ್ನೂ ಹತ್ತು ತಿಂಗಳು. ಹೆಸರಿನಾಗ ನಮ್ಮ ಪಾಲೂ ಅದ ಅಂತ ಇಟ್ಕೊಳ್ರಿ!) 1959ರಲ್ಲಿ ಸಿಲೋನ್ ಹತ್ತಿರ ಬ್ರಿಟಿಷರ ‘ಹೋಗ್’ ಎಂಬ ಹಡಗಿಗೆ ಡಿಕ್ಕಿಯಾಯಿತು. ಹೋಗ್ ಮುಂದೆ ಗುಜರಿಗೆ ಹೋಯಿತು. ಮೈಸೂರು 1971ರ ಯುದ್ಧದಲ್ಲಿ, 31ನೇ ವಯಸ್ಸಿನಲ್ಲಿ, ಪಶ್ಚಿಮ ನೌಕಾದಳದ ಧ್ವಜನೌಕೆ! ನಿವೃತ್ತಿಯಾದದ್ದು 1985ರಲ್ಲಿ.

ಸೆಕೆಂಡ್ ಹ್ಯಾಂಡ್ ಹಡಗು ನಮ್ಮಲ್ಲಿ 28 ವರ್ಷ ನಡೆದದ್ದು ಡಿಸೈನ್ ಒಂದರಿಂದಲೇ ಅಲ್ಲ. ಆದ್ರ ನಮ್ಮ ಕ್ಲಾಸಿನಾಗ ಮೆಂಟೆನೆನ್ಸ್ ಅಂದ್ರ ಮೂಗು ಮುರೀತಾರ. ‘ಅದು ಐಟಿಐ ಹುಡುಗರ ಕೆಲ್ಸ ಬಿಡಲೇ’ ಅಂತಾರ. ಡಿಸೈನ್ ಅಂದ್ರ ಬುದ್ಧಿ, ರಿಪೇರಿ ಅಂದ್ರ ಬರೀ ಗ್ರೀಸು. ಸಿಮೆಂಟ್ ಫ್ಯಾಕ್ಟರಿ ಸೈರನ್ ಕೇಳ್ಕೋತ ಬೆಳೆದ ನಮ್ಮ ಬಾಯಾಗ ಈ ಮಾತು ಚಂದಲ್ಲ. ಕಿಲ್ನ್ ಶಟ್‌ಡೌನ್ ಆದ್ರ ಅಪ್ಪ ಊಟಕ್ಕ ಬರೋ ಟೈಮೇ ಬದಲಾಗೋ ಮನಿಗಳಿಂದ ಬಂದೋರು ನಮ್ಮಾಗ ಎಷ್ಟು ಮಂದಿ ಇಲ್ಲ? ಹೊರಗಿನ ತಗಡು ಎಲ್ಲಿ ಹೆಚ್ಚು ಕಾಯ್ದದ ಅಂತ ನೋಡಿ, ಒಳಗಿನ ಇಟ್ಟಿಗೆ ಎಲ್ಲಿ ಸವೆದದ, ಇನ್ನೆಷ್ಟು ದಿನ ತಾಳ್ತದ ಅಂತ ಹೇಳೋದು ಇಂಜಿನಿಯರಿಂಗ್ ಅಲ್ಲೇನು? ನಮ್ಮ ಪೇಪರಿನಾಗ ಅದು ಎಷ್ಟು ಮಾರ್ಕ್ಸಿಗೆ ಬರ್ತದ?

ಹೊಸದು ಕಟ್ಟೋದು ಬ್ಯಾಡ ಅಂತಲ್ಲ. ಮುಂಬೈನ ಮಝಗಾಂವ್ ಡಾಕ್‌ನಲ್ಲಿ ಕಟ್ಟಿದ ಎರಡನೇ ಐಎನ್‌ಎಸ್ ಮೈಸೂರು 1999ರಲ್ಲಿ ನೌಕಾಪಡೆ ಸೇರಿತು. ಅದಕ್ಕೂ ಈಗ 25 ದಾಟಿತು, ಅದನ್ನೂ ಯಾರೋ ರಿಪೇರಿ ಮಾಡ್ತಾ ಇರ್ತಾರೆ.

ಮುಂದಿನ ಇಂಡಸ್ಟ್ರಿಯಲ್ ವಿಸಿಟ್‌ಗೆ ಫ್ಯಾಕ್ಟರಿ ಓಡುವ ದಿನ ಬ್ಯಾಡ, ಶಟ್‌ಡೌನ್ ಇದ್ದಾಗ ಕರ್ಕೊಂಡು ಹೋಗ್ರಿ ಸರ್ ಅಂತ ಎಚ್‌ಒಡಿ ಅವರಿಗೆ ಒಂದು ಪತ್ರ ಬರೆದೀವಿ. ಸಹಿ ಹಾಕೋರು ಕ್ಲಬ್ ರೂಮಿಗೆ ಬರ್ರಿ.